ತಾಳಮದ್ದಳೆಯಲ್ಲಿ ಕೂತವರಿಗೆ ಕ್ಲೋಸಪ್ ಹೊಸತಲ್ಲ

"ನಾಟಕದ ಮಕ್ಕಳು ಕ್ಯಾಮೆರಾ ಮುಂದೆ ಜಾಸ್ತಿ ಮಾಡ್ತಾರೆ, ಏನೂ ಕಲಿಯದ ಹೊಸಬರೇ ವಾಸಿ." ಆಡಿಷನ್ ಎಂದಾಗಲೆಲ್ಲ ಕಾಸರಗೋಡಿನ ಮಕ್ಕಳಿಗೆ ಈ ಮಾತು ಎದುರಾಗುತ್ತದೆ. ಜಾಸ್ತಿಯಾಗುವುದು ನಿಜ. ಆದರೆ ರಂಗದಿಂದ ಏನನ್ನು ಹೊತ್ತುಕೊಂಡು ಹೋಗಬೇಕು, ಏನನ್ನು ವೇಷ ಕಟ್ಟುವ ಚೌಕಿಯಲ್ಲೇ ಬಿಟ್ಟು ಹೋಗಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. 2022ರ 'ನ್ನಾ ತಾನ್ ಕೇಸ್ ಕೊಡ್' ಮಲಯಾಳಂ ಸಿನಿಮಾದ ಮ್ಯಾಜಿಸ್ಟ್ರೇಟ್ ನೆನಪಿದ್ದಾರಲ್ಲ? ಆ ಪಾತ್ರ ಮಾಡಿ ಕೇರಳ ರಾಜ್ಯ ಪ್ರಶಸ್ತಿ ಪಡೆದ ಪಿ.ಪಿ. ಕುಂಞಿಕೃಷ್ಣನ್ ನಮ್ಮದೇ ಜಿಲ್ಲೆಯ ನಿವೃತ್ತ ಮಾಸ್ಟ್ರು, ನಾಟಕದಲ್ಲಿ ಪಳಗಿದವರು. ಆ ಪಾತ್ರದಲ್ಲಿ ಎಲ್ಲಿದೆ ಜಾಸ್ತಿ?

ಮೊದಲು ಧ್ವನಿಯ ವಿಷಯ. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಎದುರಿನ ಅಂಚಿಗೆ ಎರಡೋ ಮೂರೋ ಮೈಕ್ ಇರುತ್ತವೆ. ಮಕ್ಕಳು ಮೈಕಿನ ಹತ್ತಿರ ಬಂದು ಕೂಗುವುದನ್ನೇ ಅಭಿನಯ ಎಂದು ಕಲಿಯುತ್ತಾರೆ. ಶೂಟಿಂಗ್‌ನಲ್ಲಿ ಲ್ಯಾಪೆಲ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ಮೇಲಿರುತ್ತದೆ. ಕೂಗಿದರೆ ಧ್ವನಿ ಒಡೆಯುತ್ತದೆ. ನಿರ್ದೇಶಕರು "ಕಡಿಮೆ ಮಾಡು" ಎಂದಾಕ್ಷಣ ಹುಡುಗ ಧ್ವನಿಯ ಜೊತೆ ಉಸಿರನ್ನೂ ಇಳಿಸಿಬಿಡುತ್ತಾನೆ, ವಾಕ್ಯದ ಬಾಲ ನುಂಗಿಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಇರುವುದೇ ಆ ಬಾಲದಲ್ಲಿ. ಅದು ಕೇಳದಿದ್ದರೆ ಅವನು ಹೋಗುತ್ತೇನೆ ಎಂದನೋ ಹೋಗುವುದಿಲ್ಲ ಎಂದನೋ ಗೊತ್ತಾಗದು. ಒಂದೇ ಮಾತನ್ನು 10 ಮೀಟರ್ ದೂರದವರಿಗೆ, 3 ಮೀಟರ್ ದೂರದವರಿಗೆ, ಪಕ್ಕದಲ್ಲಿ ಕೂತವರಿಗೆ ಹೇಳಿಸಿ. ಹೊಟ್ಟೆಯ ಉಸಿರು ಮೂರರಲ್ಲೂ ಅಷ್ಟೇ ಇರಬೇಕು, ಗಟ್ಟಿತನ ಮಾತ್ರ ಇಳಿಯಬೇಕು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಕೊಂಕಣಿ ಆಡುವ ಮಕ್ಕಳಿಗೆ ಕನ್ನಡ ಎಂದರೆ ಪಾಠಪುಸ್ತಕದ ಕನ್ನಡ. "ನೀನು ಎಲ್ಲಿಗೆ ಹೋಗುತ್ತಿರುವೆ?" ಎನ್ನುವುದನ್ನು ವೇದಿಕೆ ತಡೆದುಕೊಳ್ಳುತ್ತದೆ, ಕ್ಯಾಮೆರಾ ತಡೆದುಕೊಳ್ಳುವುದಿಲ್ಲ. ಸಂಭಾಷಣೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿಸಿ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಒತ್ತುತ್ತಾರೆ ಎಂದು ಗುರುತು ಹಾಕಿಕೊಂಡು, ಅದೇ ನಿಲುಗಡೆಗಳನ್ನು ಕನ್ನಡಕ್ಕೆ ತನ್ನಿ.

ಇನ್ನು ನನಗೆ ತುಂಬ ಮುಖ್ಯ ಎನಿಸುವುದು ತಾಳಮದ್ದಳೆ. ಯಕ್ಷಗಾನ ಕಲಿತ ಮಕ್ಕಳನ್ನು ಸಿನಿಮಾದವರು ಕುಣಿತಕ್ಕೆ, ಮೈಕಟ್ಟಿಗೆ ಮೆಚ್ಚುತ್ತಾರೆ, ಅದು ಸರಿಯೇ. ಆದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಮಾತಿನಿಂದ ಪಾತ್ರವಾಗುವ ಈ ಕಲೆ ಇದೆ. ಹಾಡುವ ಭಾಗವತರ ಪದ ಮುಗಿದ ಮೇಲೆ ಎದುರಿನ ಅರ್ಥಧಾರಿ, ಅಂದರೆ ಇನ್ನೊಂದು ಪಾತ್ರದ ಮಾತಾಡುವವರು, ಏನು ಕೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಕೊಡಬೇಕು, ಕಿವಿ ಕೊಡದಿದ್ದವರು ಸಿಕ್ಕಿಬೀಳುತ್ತಾರೆ. ಮುಖವನ್ನೇ ಹತ್ತಿರದಿಂದ ಹಿಡಿಯುವ ಕ್ಲೋಸಪ್ ಕೇಳುವುದೂ ಇದನ್ನೇ. ಮಾತಾಡುವವರ ಮುಖದಷ್ಟೇ ಕೇಳುವವರ ಮುಖವೂ ಎಡಿಟರ್‌ಗೆ ಬೇಕು. ಬರೀ ಬಾಯಿಪಾಠ ಮಾಡಿದವನು ಎದುರಿನವರ ಮಾತು ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಾನೆ. ಕಣ್ಣು ಖಾಲಿಯಾಗುತ್ತದೆ, ಕೆಲವೊಮ್ಮೆ ಎದುರಿನವರ ಸಂಭಾಷಣೆಗೇ ಇವನ ತುಟಿ ಅಲುಗುತ್ತದೆ. ವಾಲಿ–ರಾಮರ ಸಂವಾದವನ್ನು 10 ನಿಮಿಷ ಕೂತು ಮಾಡಿಸಿ, ಮೊಬೈಲನ್ನು ಮಾತಾಡುವವರ ಕಡೆ ತಿರುಗಿಸದೆ ಕೇಳುವವರ ಮುಖಕ್ಕೆ ಮಾತ್ರ ಇಡಿ. ಒಂದು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಇಲ್ಲಿಂದ ಬಿಡಿಸಬೇಕಾದ ಅಭ್ಯಾಸವೂ ಉಂಟು. ಮಾತಿನ ನಡುವೆ ಸಭೆಯತ್ತ ತಿರುಗುವುದು. ಕ್ಯಾಮೆರಾ ಎಲ್ಲಿದ್ದರೂ ದೃಷ್ಟಿ ಎದುರಿನ ಪಾತ್ರದ ಮೇಲೇ ಇರಬೇಕು. ಅವರ ಎರಡು ಕಣ್ಣುಗಳಲ್ಲಿ ಕ್ಯಾಮೆರಾಕ್ಕೆ ಹತ್ತಿರದ್ದನ್ನು ಹಿಡಿದುಕೊಂಡರೆ ನಟನ ಮುಖ ಹೆಚ್ಚು ಕಾಣುತ್ತದೆ. ಎರಡೂ ಕಣ್ಣುಗಳ ನಡುವೆ ಓಡಾಡಿದರೆ ಪರದೆಯ ಮೇಲೆ ಕಳ್ಳನೋಟದಂತೆ ಕಾಣುತ್ತದೆ.

ಕಂಟಿನ್ಯುಯಿಟಿಗೆ, ಅಂದರೆ ಒಂದು ಶಾಟ್ ಇನ್ನೊಂದಕ್ಕೆ ಹೊಂದುವಂತೆ ಮಾಡುವುದಕ್ಕೆ ಬಂದರೆ ನಾಟಕದ ತಾಲೀಮೇ ಆಸ್ತಿ. ಒಂದೇ ದೃಶ್ಯವನ್ನು ಮಾಸ್ಟರ್ ಶಾಟ್ (ಇಡೀ ದೃಶ್ಯವನ್ನು ದೂರದಿಂದ ಹಿಡಿಯುವುದು), ಎದುರಿನವರ ಭುಜದ ಮೇಲಿಂದ, ಕ್ಲೋಸಪ್ ಎಂದು ಹತ್ತಿಪ್ಪತ್ತು ಸಲ ಮಾಡಬೇಕಾಗುತ್ತದೆ. ಚಾಯದ ಗ್ಲಾಸನ್ನು ಯಾವ ಕೈಯಲ್ಲಿ, ಯಾವ ಶಬ್ದಕ್ಕೆ ಎತ್ತಿದೆ ಎನ್ನುವುದು ಪ್ರತಿ ಸಲವೂ ಅದೇ ಆಗಿರಬೇಕು, ಇಲ್ಲದಿದ್ದರೆ ಎರಡು ಶಾಟ್ ಸೇರುವುದಿಲ್ಲ. ಆಶುಮಾತಿನಲ್ಲಿ ಚುರುಕಾದ ಯಕ್ಷಗಾನದ ಮಕ್ಕಳು ಎಡವುವುದು ಇಲ್ಲೇ, ಪ್ರತಿ ಟೇಕಿಗೂ ಹೊಸತು ಸೇರಿಸುತ್ತಾರೆ. ಮಾಸ್ಟರ್ ಶಾಟ್‌ನಲ್ಲೇ ಕಣ್ಣೀರೆಲ್ಲ ಸುರಿಸಿ, ಕ್ಲೋಸಪ್ ಹೊತ್ತಿಗೆ ಬರಿದಾಗುವ ಮಕ್ಕಳೂ ಇದ್ದಾರೆ. ಮೊದಲ ಟೇಕಿನಲ್ಲಿ ಅಳುವಿನ ಅಂಚಿನವರೆಗೆ ಹೋಗಿ ನಿಲ್ಲಲು ಹೇಳಿ.

ನಟ ನಿಲ್ಲಬೇಕಾದ ಜಾಗಕ್ಕೆ ನೆಲದಲ್ಲಿ ಅಂಟಿಸಿದ ಟೇಪಿನ ಗುರುತಿನ ಮೇಲೆ ಕೆಳಗೆ ನೋಡದೆ ನಿಲ್ಲಬೇಕು. ಆ ಗುರುತಿನಿಂದ ಹಿಂದಕ್ಕೆ ನಡೆಯುತ್ತಾ ಹೆಜ್ಜೆ ಎಣಿಸಿ, ಅಲ್ಲಿಂದ ಅಷ್ಟೇ ಹೆಜ್ಜೆ ಮುಂದೆ ಬಂದರಾಯಿತು. ತಾಳದ ಲೆಕ್ಕ ಕಾಲಿಗೆ ಹತ್ತಿದವರಿಗೆ ಇದು ಒಂದು ದಿನದ ಕೆಲಸ. ಕ್ಲೋಸಪ್‌ನಲ್ಲಿ ಅರ್ಧ ಗೇಣು ಮುಂದೆ ಹೋದರೂ ಫೋಕಸ್ ಹೋಗಬಹುದು.

ಹೆತ್ತವರಲ್ಲಿ ಒಂದು ಬಿನ್ನಹ. ಎರಡು ದಿನದ 'ಸಿನಿಮಾ ಅಭಿನಯ' ಶಿಬಿರಕ್ಕೂ ಫೋಟೋ ಆಲ್ಬಮ್ಮಿಗೂ ದುಡ್ಡು ಸುರಿಯುವ ಮೊದಲು ಮಗುವನ್ನು ಒಂದು ವರ್ಷ ನಾಟಕಕ್ಕೋ ತಾಳಮದ್ದಳೆ ಕೂಟಕ್ಕೋ ಕಳಿಸಿ. ನಾಟಕ ಕಲಿಸುವ ಮಾಸ್ಟ್ರುಗಳೇ, ಟೀಚರುಗಳೇ, ಪ್ರದರ್ಶನ ಮುಗಿದ ಕೂಡಲೇ ತಂಡವನ್ನು ಬಿಡಬೇಡಿ, ಇನ್ನೂ ನಾಲ್ಕು ಭಾನುವಾರ ಇಟ್ಟುಕೊಳ್ಳಿ. ಸ್ಟ್ಯಾಂಡಿನ ಮೇಲೆ ಅಡ್ಡಲಾಗಿ ಒಂದು ಮೊಬೈಲ್, ನಟನಿಂದ ಒಂದೂವರೆ ಮೀಟರ್ ದೂರ, ಹಿಂಬದಿಯ ಕ್ಯಾಮೆರಾ. ಸೆಲ್ಫಿ ಕ್ಯಾಮೆರಾ ಬೇಡ, ಮಕ್ಕಳು ತಮ್ಮನ್ನೇ ನೋಡಿಕೊಳ್ಳುತ್ತಾರೆ. ನಾಟಕದ ಒಂದು ಪುಟವನ್ನು ಆರಿಸಿ, ಮಾಸ್ಟರ್, ಭುಜದ ಮೇಲಿಂದ, ಕ್ಲೋಸಪ್ ಹೀಗೆ ತೆಗೆಯಿರಿ. ಪ್ರತಿ ಟೇಕ್ ಆದಮೇಲೂ ತೋರಿಸಬೇಡಿ, ಮುಖದ ಬಗ್ಗೆ ನಾಚಿಕೆ ಶುರುವಾಗುತ್ತದೆ. ದಿನದ ಕೊನೆಗೆ ಎಲ್ಲರೂ ಕೂತು, ಮೊದಲ ಸಲ ಧ್ವನಿ ಮುಚ್ಚಿ ನೋಡಿ. ಮಾತು ಕೇಳದೆಯೂ ಸಂಗತಿ ತಿಳಿದರೆ ಆ ಟೇಕ್ ಸರಿ. ನಾಲ್ಕನೇ ಭಾನುವಾರ ಮೊಬೈಲ್ ಒಳಗಿಟ್ಟು, ಅದೇ ಪುಟವನ್ನು ಮೈಕ್ ಇಲ್ಲದೆ, ಕೊನೆಯ ಬೆಂಚಿನವರಿಗೆ ಕೇಳುವಂತೆ ಮತ್ತೆ ವೇದಿಕೆಯ ಮೇಲೆ ಮಾಡಿಸಿ.