ಪರವೂರಿನ ತೋರಾ ಮಂಟಪ ಜೆರುಸಲೇಮಿಗೆ ಹೋದದ್ದು ಸರಿಯೇ?

ಕೇರಳದ ಎರ್ನಾಕುಲಂ ಜಿಲ್ಲೆಯ ಉತ್ತರ ಪರವೂರು ಪೇಟೆಯಲ್ಲಿ ಒಂದು ಯೆಹೂದಿ ಸಿನಗಾಗ್ (ಪ್ರಾರ್ಥನಾಲಯ) ಇದೆ. ಊರಿನವರ ಬಾಯಲ್ಲಿ ಅದು ಜೂದಪ್ಪಳ್ಳಿ. ಅಲ್ಲಿನ ಶಾಸನಕಲ್ಲು ಹೇಳುವ ಪ್ರಕಾರ ಈಗಿನ ಕಟ್ಟಡ 1616ರದ್ದು. 1950ರ ದಶಕದ ಮೊದಲರ್ಧದಲ್ಲಿ ಇಲ್ಲಿನ ಯೆಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋಗಿ ನೆಲೆಸಿದರು. ಯೆಹೂದಿಗಳ ಧರ್ಮಗ್ರಂಥ ತೋರಾದ ಸುರುಳಿಗಳನ್ನು ಇಡುತ್ತಿದ್ದ ಕೆತ್ತನೆಯ ಮಂಟಪ (ಹೇಖಾಲ್) 1990ರ ದಶಕದಲ್ಲಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಸೇರಿತು. ಪರವೂರಿನಲ್ಲಿ ಈಗ ನೋಡಸಿಗುವುದು ಅದರ ಪ್ರತಿಕೃತಿ.

ಪರ: ಅದು ಹೋದದ್ದೇ ಸರಿ

ಮೊದಲು ಇದು ಯಾರ ಸೊತ್ತು ಎಂದು ಕೇಳೋಣ. ಸಿನಗಾಗ್ ಎಂದರೆ ಕಟ್ಟಡಕ್ಕಿಂತ ಮೊದಲು ಜನ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಕೂಡಲೇಬೇಕು. ಒಂಬತ್ತು ಜನ ಇದ್ದರೆ ಎಷ್ಟೇ ಚಂದದ ಮಂಟಪವಿದ್ದರೂ ತೋರಾ ಸುರುಳಿಯನ್ನು ಹೊರತೆಗೆದು ಎಲ್ಲರೆದುರು ಓದುವಂತಿಲ್ಲ. ಪರವೂರಿನಲ್ಲಿ ಹತ್ತು ಜನ ಸಿಗದ ಕಾಲ ಬಂದೇ ಬಂತು. ಅಲ್ಲಿಂದಾಚೆಗೆ ಆ ಮಂಟಪಕ್ಕೆ ಕೆಲಸವೇ ಇರಲಿಲ್ಲ.

ಹೋದವರೇನೂ ಊರನ್ನು ಉಡಾಫೆಯಿಂದ ಬಿಟ್ಟವರಲ್ಲ. ಮಲಬಾರಿನ ಯೆಹೂದಿಗಳು ಮನೆ-ಮಾರು ಮಾರಿ ಹೊರಟು ನಿಂತಾಗ, ಆನೆಕಾಲು ರೋಗ ಹೊತ್ತು ತರುತ್ತಾರೆಂಬ ಭಯದಿಂದ ಇಸ್ರೇಲಿನ ಆರೋಗ್ಯಾಧಿಕಾರಿಗಳು ಅವರ ವಲಸೆಗೆ ಅಡ್ಡಗಾಲು ಹಾಕಿದ್ದರು. ಇತ್ತ ಮನೆಯಿಲ್ಲ, ಅತ್ತ ಪ್ರವೇಶವಿಲ್ಲ. ಕೊಚ್ಚಿಯ ವಕೀಲ, ಸ್ವಾತಂತ್ರ್ಯ ಹೋರಾಟಗಾರ ಎ.ಬಿ. ಸೇಲಂ 1953ರಲ್ಲಿ ಇಸ್ರೇಲಿಗೆ ಹೋಗಿ ಇವರ ಪರವಾಗಿ ವಾದಿಸಬೇಕಾಯಿತು. ಕೊನೆಗೂ ದಾಟಿದವರಿಗೆ ಸಿಕ್ಕಿದ್ದು ನೆವಾತಿಂನ ಮರುಭೂಮಿ, ಮೆಸಿಲಾತ್ ಸಿಯೋನಿನ ಕಲ್ಲುಗುಡ್ಡ. ತೆಂಗಿನ ನೆರಳಲ್ಲಿ ಬೆಳೆದವರು ನೆಗೆವ್ ಬಿಸಿಲಲ್ಲಿ ಕೋಳಿ ಸಾಕಿ, ಹೂ ಬೆಳೆದು ಬದುಕು ಕಟ್ಟಿಕೊಂಡರು. ತಮ್ಮ ಅಜ್ಜ ಯಾವ ಮಂಟಪದ ಮುಂದೆ ನಿಂತಿದ್ದ ಎಂದು ಅವರ ಮೊಮ್ಮಕ್ಕಳು ಕೇಳಿದರೆ ಬಸ್ಸು ಹತ್ತಿ ಹೋಗಿ ನೋಡುವಷ್ಟು ಹತ್ತಿರದಲ್ಲಿ ಅದು ಇದೆ. ಅವರಿಗೆ ಇಷ್ಟೂ ಸಲ್ಲಬಾರದೆ?

ಧರ್ಮಶಾಸ್ತ್ರದ ಮಾತೂ ಇದೆ. ಯೆಹೂದಿ ಧರ್ಮನಿಯಮಗಳ ಹಳೆಯ ಸಂಗ್ರಹವಾದ ಮಿಶ್ನಾದ ಮೆಗಿಲ್ಲಾ ಭಾಗ ಪಾವಿತ್ರ್ಯಕ್ಕೆ ಮೆಟ್ಟಿಲು ಹಾಕಿಕೊಟ್ಟಿದೆ. ಊರ ಚೌಕ ಮಾರಿದ ಹಣದಲ್ಲಿ ಸಿನಗಾಗ್ ಕೊಳ್ಳಬಹುದು, ಸಿನಗಾಗ್ ಮಾರಿದ ಹಣದಲ್ಲಿ ಮಂಟಪ, ಮಂಟಪ ಮಾರಿದ ಹಣದಲ್ಲಿ ಸುರುಳಿಗೆ ಸುತ್ತುವ ವಸ್ತ್ರ, ಹೀಗೆ ಮೇಲೇರುತ್ತಾ ಕೊನೆಗೆ ತೋರಾ. ಇಳಿಯುವಂತಿಲ್ಲ. ಈ ಲೆಕ್ಕದಲ್ಲಿ ಕಟ್ಟಡಕ್ಕಿಂತ ಮಂಟಪವೇ ಮೇಲು. ಕೆಳಗಿನದನ್ನು ಊರಿಗೆ ಬಿಟ್ಟು ಮೇಲಿನದನ್ನು ಜೊತೆಗೊಯ್ದರೆ ತಪ್ಪೇನು?

ಇನ್ನು ಮಳೆಯ ವಿಚಾರ. ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಕಡವುಂಭಾಗಂ ಸಿನಗಾಗ್ 16ನೇ ಶತಮಾನದ್ದು. ಸಭೆಯವರು ಹೋದ ಮೇಲೆ ಅದು ಕೈಬದಲಾಗಿ ತೆಂಗಿನ ನಾರಿನ ಉಗ್ರಾಣವಾಯಿತು. ಬಣ್ಣದ ಕೆತ್ತನೆಯ ಅದರ ಮರದ ಮಾಳಿಗೆಯನ್ನು, ಅಂದರೆ ಒಳಚಾವಣಿಯನ್ನು, 1991ರಲ್ಲಿ ಇಸ್ರೇಲ್ ಮ್ಯೂಸಿಯಂ ಖರೀದಿಸಿ, ತುಂಡು ತುಂಡಾಗಿ ಬಿಚ್ಚಿ ಒಯ್ದು ಜೋಡಿಸಿತು. ಇತ್ತ ಉಳಿದ ಗೋಡೆಗಳ ದೊಡ್ಡ ಪಾಲು 2019ರ ಸೆಪ್ಟೆಂಬರ್ ಮಳೆಗೆ ಕುಸಿದು ಬಿತ್ತು. ಮಾಳಿಗೆ ಅಲ್ಲೇ ಇದ್ದಿದ್ದರೆ ಅವತ್ತು ಅದೂ ಕೆಸರಿಗೆ ಬೀಳುತ್ತಿತ್ತು. ತ್ರಿಶೂರ್ ಜಿಲ್ಲೆಯ ಮಾಳ ಎಂಬ ಊರಿನ ಕತೆಯೂ ಹೆಚ್ಚು ಬೇರೆಯಲ್ಲ. ಅಲ್ಲಿನ ಯೆಹೂದಿಗಳು 1955ರಲ್ಲಿ ಹೊರಡುವಾಗ ಸಿನಗಾಗ್ ಮತ್ತು ಸ್ಮಶಾನವನ್ನು ಪಂಚಾಯಿತಿಗೆ ಒಪ್ಪಿಸಿ, ಕಾಗದಪತ್ರ ಮಾಡಿಸಿಯೇ ಹೋದರು. ಮುಂದೆ ಸ್ಮಶಾನದ ಒಂದು ಪಾಲಿನಲ್ಲಿ ಕ್ರೀಡಾಂಗಣ ಎದ್ದಿತು. ಗೋರಿಗಳ ಗತಿಯೇ ಹೀಗಾದರೆ ಗೆದ್ದಲು ಹಿಡಿಯುವ ಮರವನ್ನು ಊರು ಕಾಪಾಡುತ್ತಿತ್ತೆಂದು ನಂಬುವುದು ಹೇಗೆ?

ಪ್ರತಿಕೃತಿಯ ಬಗ್ಗೆ ಮೂಗು ಮುರಿಯುವವರಿದ್ದಾರೆ. ಪರವೂರಿಗೆ ಬರುವ ಶಾಲಾ ಮಕ್ಕಳಿಗೆ ಅದರಿಂದ ನಷ್ಟವೇನೂ ಇಲ್ಲ. ನಷ್ಟ ಆಗುವುದೇನಿದ್ದರೂ ಪರಿಣತರಿಗೆ. ಅವರು ವಿಮಾನ ಹತ್ತಲಿ.

ವಿರೋಧ: ಅದು ಇಲ್ಲೇ ಇರಬೇಕಿತ್ತು

ಕಡವುಂಭಾಗಂ ಗೋಡೆ ಬಿದ್ದ ಕತೆಯನ್ನು ತಿರುಗಿಸಿ ಓದಿ ನೋಡಿ. ಮಾಳಿಗೆ ಕಿತ್ತುಕೊಂಡು ಹೋಗಿದ್ದು 1991ರಲ್ಲಿ, ಗೋಡೆ ಬಿದ್ದಿದ್ದು 2019ರಲ್ಲಿ. ನಡುವಿನ 28 ವರ್ಷ ಅಲ್ಲಿ ನಿಂತಿದ್ದು ಒಳಗೇನೂ ಇಲ್ಲದ ಕಟ್ಟಡ. ನೋಡಲು ಏನೂ ಉಳಿದಿರದ ಗೋಡೆಗೆ ಸುಣ್ಣ ಬಳಿಯಲು ಯಾರು ಮುಂದೆ ಬರುತ್ತಾರೆ? ಮಾಳಿಗೆ ತೆಗೆದದ್ದೂ ಆ ಕಟ್ಟಡದ ಅವನತಿಯ ಒಂದು ಕಾರಣ ಎನ್ನುವುದು ನನ್ನ ವಾದ. ಎರ್ನಾಕುಲಂ ಮಾರುಕಟ್ಟೆಯ ಹತ್ತಿರ ಅದೇ ಹೆಸರಿನ ಇನ್ನೊಂದು ಸಿನಗಾಗ್ ಇದೆ. ಅದರ ಅಂಗಳದಲ್ಲಿ ಗಿಡ, ಅಕ್ವೇರಿಯಂ ಮೀನು ಮಾರುವ ಅಂಗಡಿ ಇತ್ತು. ಒಳಗಿನ ಮಂಟಪ ಒಳಗೇ ಇತ್ತು. ಆದ್ದರಿಂದಲೇ ಆ ಸಿನಗಾಗನ್ನು ದುರಸ್ತಿ ಮಾಡಿ, 2018ರಲ್ಲಿ ಹೊಸ ತೋರಾ ಸುರುಳಿ ತಂದಿಡಲು ಸಾಧ್ಯವಾಯಿತು. ಮೀನಿನಂಗಡಿಯ ಹಿಂದೆ ಉಳಿದದ್ದು ಹೀಗೆ ಬದುಕಿಕೊಂಡಿತು.

ಪರವೂರಿನ ಸಿನಗಾಗನ್ನು ಒಮ್ಮೆ ಬೀದಿಯಿಂದ ಒಳಕ್ಕೆ ನಡೆದು ನೋಡಬೇಕು. ಮೊದಲು ಎರಡಂತಸ್ತಿನ ಪಡಿಪ್ಪುರ, ಅಂದರೆ ಹೆಬ್ಬಾಗಿಲ ಮನೆ. ದಾಟಿದರೆ ಅಂಗಳ, ಅಲ್ಲಿಂದ ದಪ್ಪ ಕಂಬಗಳ ನಡುವೆ ಮುಚ್ಚಿಗೆಯ ಉದ್ದ ಹಾದಿ, ಬಳಿಕ ಅಝಾರಾ ಎಂಬ ಮುಂಗೋಣೆ, ಕೊನೆಗೆ ಪ್ರಾರ್ಥನಾ ಮಂದಿರ. ನಡುವೆ ತೋರಾ ಓದುವ ಕಟ್ಟೆ. ಮಹಡಿಯಲ್ಲಿ ಎರಡನೆಯ ಕಟ್ಟೆ, ಅದರ ಬೆನ್ನಿಗೇ ಹೆಂಗಸರು ಕೂರುವ ಜಾಗ. ಎರಡು ಕಟ್ಟೆಗಳ ಈ ಪದ್ಧತಿ ಕೇರಳದ ಯೆಹೂದಿಗಳದ್ದೇ. ಪಡಿಪ್ಪುರದಿಂದ ಹೊರಟ ಇಷ್ಟು ನಡಿಗೆಯೂ ಮುಟ್ಟಬೇಕಾದ ಜಾಗ ಎದುರುಗೋಡೆಯ ಆ ಮಂಟಪ. ಈಗ ಅಲ್ಲಿ ಸಿಗುವುದು ನಕಲು. ಮೂಲ ಮಂಟಪ ಸಾವಿರಾರು ಕಿಲೋಮೀಟರ್ ದೂರದಲ್ಲಿ, ತನ್ನದಲ್ಲದ ಮಾಳಿಗೆಯ ಕೆಳಗಿದೆ.

ಆ ಮ್ಯೂಸಿಯಂನಲ್ಲಿ ಇಟಲಿಯ ವಿತ್ತೋರಿಯೊ ವೆನೆತೊ, ಜರ್ಮನಿಯ ಹೋರ್ಬ್, ಸುರಿನಾಮಿನ ಪಾರಾಮಾರಿಬೊ ಸಿನಗಾಗ್‌ಗಳ ಜೊತೆಗೆ ಕೊಚ್ಚಿಯ ಒಂದು ಸಿನಗಾಗ್ ಇಟ್ಟಿದ್ದಾರೆ. ಅದರ ಮಾಳಿಗೆ ಮಟ್ಟಾಂಚೇರಿಯ ಕಡವುಂಭಾಗಂನದು, ಮಂಟಪ ಪರವೂರಿನದು. ಕಡವುಂಭಾಗಂನ ಸ್ವಂತ ಮಂಟಪ ಅದಕ್ಕೂ ಮುಂಚೆಯೇ ಇಸ್ರೇಲಿನ ನೆಹಾಲಿಂ ಎಂಬ ಮೊಶಾವಿಗೆ (ಸಹಕಾರಿ ಕೃಷಿ ಹಳ್ಳಿಗೆ) ಹೋಗಿತ್ತು. ಪರವೂರು ಕೊಚ್ಚಿ ಸಂಸ್ಥಾನದ ಊರೇ ಅಲ್ಲ, ತಿರುವಾಂಕೂರಿಗೆ ಸೇರಿದ್ದು. ಎರಡು ಊರು, ಎರಡು ಸಭೆ, ಇಬ್ಬರು ರಾಜರು. ಇವನ್ನೆಲ್ಲ ಒಂದು ಕೋಣೆಯಲ್ಲಿ ಸೇರಿಸಿ ಕೊಚ್ಚಿ ಎಂದು ಕರೆದರೆ ಪರವೂರಿನ ಸಭೆಯ ಇತಿಹಾಸ ಉಳಿದಂತಾಯಿತೆ, ಕರಗಿದಂತಾಯಿತೆ?

ಮಿಶ್ನಾದ ಮೆಟ್ಟಿಲು ಮಾತನ್ನು ಒಪ್ಪುತ್ತೇನೆ. ಒಪ್ಪಿಯೇ ಕೇಳುತ್ತೇನೆ: ಮಂಟಪಕ್ಕೆ ಪಾವಿತ್ರ್ಯ ಬರುವುದು ಸುರುಳಿಯಿಂದ ತಾನೆ? ಸುರುಳಿಗಳನ್ನು ವಲಸೆ ಹೋದವರು ತಮ್ಮೊಂದಿಗೇ ಕೊಂಡೊಯ್ದರು. ಅದಕ್ಕೆ ಯಾರ ತಕರಾರೂ ಇಲ್ಲ. ಮಂಟಪವೂ ನೆವಾತಿಂನ ಕೊಚ್ಚಿ ಮಾದರಿಯ ಸಿನಗಾಗಿಗೆ ಹೋಗಿ, ಅದರ ಮುಂದೆ ಶನಿವಾರದ ಪ್ರಾರ್ಥನೆ ನಡೆದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಹೋದದ್ದು ಮ್ಯೂಸಿಯಮ್ಮಿಗೆ. ಟಿಕೆಟ್ ಕೊಟ್ಟು ನೋಡುವ ವಸ್ತುವೇ ಆಗಬೇಕಿದ್ದರೆ ಅದನ್ನು ಪರವೂರಿನಲ್ಲೇ ನೋಡಬಹುದಿತ್ತು. ಮುಜಿರಿಸ್ ಪಾರಂಪರಿಕ ಯೋಜನೆಯಡಿ ಕೇರಳ ಸರ್ಕಾರ ಆ ಕಟ್ಟಡವನ್ನು ಸರಿಪಡಿಸಿ ಯೆಹೂದಿ ಮ್ಯೂಸಿಯಂ ಮಾಡಿಯೇ ಮಾಡಿತು. ಸ್ವಲ್ಪ ತಾಳಬೇಕಿತ್ತು, ಅಷ್ಟೆ. (ತಾಳ್ಮೆಗೆ ಕೇರಳದ ಗೆದ್ದಲು ಕಾಯುತ್ತಿತ್ತೆ ಎಂಬ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ.)

ಜನ ಎಂದರೆ ಪ್ರಾರ್ಥಿಸುವವರು ಮಾತ್ರವೆ? ಅಲ್ಲಿನ ಯೆಹೂದಿಗಳು ಮನೆಯಲ್ಲಿ ಆಡಿದ್ದು ಮಲಯಾಳಂ. ಹೆಂಗಸರು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಮದುವೆ ಮನೆಗಳಲ್ಲಿ ಹಾಡಿದ್ದು ಮಲಯಾಳಂ ಹಾಡು. ಸಿಮ್ಹಾತ್ ತೋರಾ ಹಬ್ಬದಲ್ಲಿ ಸುರುಳಿಗಳನ್ನು ಎತ್ತಿಕೊಂಡು ಸಿನಗಾಗಿನ ಹೊರಗೆ ಅಂಗಳದಲ್ಲಿ ಪ್ರದಕ್ಷಿಣೆ ಬರುವುದು ಅವರದೇ ರೂಢಿ. ಸುತ್ತಲಿನ ಊರಿನ ಗಾಳಿ ತಾಗದೆ ಅಂಥ ರೂಢಿ ಹುಟ್ಟುತ್ತದೆಯೆ? ಕೆಲವೇ ಕಿಲೋಮೀಟರ್ ಆಚೆಯ ಚೇಂದಮಂಗಲದಲ್ಲಿ ಸಿನಗಾಗ್, ದೇವಸ್ಥಾನ, ಮಸೀದಿ, ಚರ್ಚು ಒಂದೇ ಆಸುಪಾಸಿನಲ್ಲಿವೆ. ಅಲ್ಲಿನ ಸಿನಗಾಗಿನ ಮುಂದೆ ಇಸ್ರೇಲನ ಮಗಳು ಸಾರಾ ಎಂಬಾಕೆಯ ಗೋರಿಕಲ್ಲಿದೆ. 1269ರ ಆ ಕಲ್ಲಿನ ಮೇಲಿನದು ಭಾರತದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಹೀಬ್ರೂ ಗೋರಿಬರಹ. ಅದನ್ನು ಯಾರೂ ಒಯ್ದಿಲ್ಲ, ಒಯ್ಯಬೇಕೆಂದು ಯಾರೂ ಗಟ್ಟಿಯಾಗಿ ಕೇಳಿದ್ದೂ ಕಾಣೆ. ಸಾರಾಳ ಕಲ್ಲು ಇಲ್ಲಿಯದಾದರೆ ಪರವೂರಿನ ಮಂಟಪ ಹೇಗೆ ಅಲ್ಲಿಯದಾಯಿತು?

ಮಂಟಪ ವಾಪಸು ಬರುತ್ತದೆಂಬ ಭ್ರಮೆ ನನಗಿಲ್ಲ. ಆದರೆ ಜೆರುಸಲೇಮಿನ ಆ ಕೋಣೆಯ ಫಲಕದಲ್ಲಿ ಕೊಚ್ಚಿ ಎಂಬ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಪರವೂರು ಎಂದೂ ಇರಬೇಕು. ಪರವೂರಿನ ಮಂಟಪದ ಪಕ್ಕದಲ್ಲಿ, ಇದು ನಕಲು, ಮೂಲ ಇಂಥಲ್ಲಿದೆ, ಇಂಥ ವರ್ಷ ಹೋಯಿತು ಎಂದು ಮಲಯಾಳದಲ್ಲಿ ಬರೆದು ಹಾಕಬೇಕು. ಮಾಳದ ಸಿನಗಾಗಿನ ವಿಚಾರಕ್ಕೆ ಬಂದರೆ, ಪಂಚಾಯಿತಿ ಮೊದಲು 1955ರ ತನ್ನದೇ ಕಾಗದವನ್ನು ತೆಗೆದು ಓದಲಿ.