ಬೋರ್ಡಿಗಿಂತ ಸಾಫ್ಟ್‌ವೇರೇ ದುಬಾರಿ

ಹಾಸನದ ನಮ್ಮ ಪುಟ್ಟ ವರ್ಕ್‌ಶಾಪಿನಲ್ಲಿ ಪಂಪ್‌ಸೆಟ್ಟಿಗೆ ಹಾಕುವ ಆಟೋ ಸ್ಟಾರ್ಟರ್ ಮಾಡುತ್ತೇವೆ. ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೋ, ಒಂದು ಫೇಸ್ ಯಾವಾಗ ಕೈಕೊಡುತ್ತದೋ, ಗೊತ್ತಿರುವುದೇ ಅಲ್ವಾ? ಮೋಟಾರ್ ಸುಡದಂತೆ ಕಾಯುವುದು ಒಳಗಿರುವ ಸರ್ಕ್ಯೂಟ್ ಬೋರ್ಡ್. ಅದರ ನಕ್ಷೆ ಬಿಡಿಸಲು ಸಾಫ್ಟ್‌ವೇರ್ ಹುಡುಕಿ ನನ್ನ ತಲೆಯೇ ಸುಟ್ಟಿತು.

ಮೊದಲು ಬೆಲೆಯೇ ಸಿಗುವುದಿಲ್ಲ. ‘ಬೆಲೆಗಾಗಿ ಸಂಪರ್ಕಿಸಿ’ ಅಂತೆ. ದನದ ಜಾತ್ರೆಯಲ್ಲೂ ಟವೆಲ್ ಕೆಳಗೆ ಬೆರಳು ಹಿಡಿದಾದರೂ ರೇಟ್ ಹೇಳುತ್ತಾರೆ. ಈ ಸಾಫ್ಟ್‌ವೇರಿನವರು ಫೋನ್ ಮಾಡಿ, “ನಿಮ್ಮ ಟೀಮಿನಲ್ಲಿ ಎಷ್ಟು ಜನ ಇಂಜಿನಿಯರ್‌ಗಳು ಸಾರ್?” ಎಂದು ಕೇಳುತ್ತಾರೆ. ನಾನು, ನನ್ನ ತಮ್ಮ, ಸೋಲ್ಡರ್ ಮಾಡುವ ಇಬ್ಬರು. ಅಷ್ಟೇ ಟೀಮು.

ಇನ್ನೊಂದರದ್ದು ಫ್ರೀ ಆವೃತ್ತಿ. ಖುಷಿಯಿಂದ ಅರ್ಧ ಬಿಡಿಸಿದೆ. ರಿಲೇ, ಟ್ರಾನ್ಸ್‌ಫಾರ್ಮರ್ ಎಲ್ಲಾ ಇಟ್ಟ ಮೇಲೆ ತಿಳಿಯಿತು, 80 ಚದರ ಸೆಂಟಿಮೀಟರ್ ದಾಟುವಂತಿಲ್ಲ! ನಮ್ಮ ಬೋರ್ಡು 10ಕ್ಕೆ 12. ಏನು, ಮಡಚಿ ಇಡಬೇಕಾ? ಜಾಸ್ತಿ ಬೇಕೆಂದರೆ ವರ್ಷ ವರ್ಷ ಬಾಡಿಗೆ, ಅದೂ ಡಾಲರಿನಲ್ಲಿ. ಕಟ್ಟುವುದು ನಿಲ್ಲಿಸಿದರೆ ನಾನೇ ಬಿಡಿಸಿದ ಫೈಲನ್ನು ನಾನೇ ತಿದ್ದುವಂತಿಲ್ಲ.

ಕೊನೆಗೆ ಕೀಕ್ಯಾಡ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡೆ. 1992ರಲ್ಲಿ ಫ್ರಾನ್ಸಿನವರೊಬ್ಬರು ಶುರು ಮಾಡಿದ್ದು. ಪೂರ್ತಿ ಉಚಿತ, ಅಳತೆಯ ತಕರಾರಿಲ್ಲ, ಬೋರ್ಡ್ ಮಾಡುವವರು ಕೇಳುವ ನಕ್ಷೆಯ ಫೈಲು, ಅಂದರೆ ಗರ್ಬರ್ ಫೈಲೂ ಸಿಗುತ್ತದೆ. ಆದರೆ ನಮ್ಮ ಲೋಕಲ್ ಟ್ರಾನ್ಸ್‌ಫಾರ್ಮರಿಗೆ ರೆಡಿ ಫುಟ್‌ಪ್ರಿಂಟ್, ಅಂದರೆ ಅದರ ಕಾಲು ಕೂರುವ ತೂತುಗಳ ನಕ್ಷೆ, ಎಲ್ಲಿಂದ ಬರಬೇಕು? ವರ್ನಿಯರ್ ಹಿಡಿದು ಅದರ ಕಾಲುಗಳ ಅಂತರ ಅಳೆಯುತ್ತಾ ಕೂತಿದ್ದೇನೆ. ಒಂದು ತೂತು ಅರ್ಧ ಮಿಲಿಮೀಟರ್ ಆಚೆಗಿದೆ. ಸರಿ ಮಾಡೋಣ ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು.