ಹೆಸರು ಒಂದೇ, ನಂಬರು ಬೇರೆ

ಜರ್ಮನಿಯ ತುರಿಂಗಿಯಾ ಕಡೆ ರಾಯ್ಸ್ ಎಂಬ ರಾಜಮನೆತನ ಇತ್ತು. ಅಲ್ಲಿ ಗಂಡು ಮಗು ಹುಟ್ಟಿದರೆ ಹೆಸರು ಹುಡುಕುವ ತಲೆನೋವೇ ಇಲ್ಲ. ಹೈನ್ರಿಷ್. ತಮ್ಮ ಹುಟ್ಟಿದರೆ? ಅವನೂ ಹೈನ್ರಿಷ್. ಅಪ್ಪ, ಚಿಕ್ಕಪ್ಪ, ಚಿಕ್ಕಪ್ಪನ ಮಕ್ಕಳು, ಎಲ್ಲರೂ ಹೈನ್ರಿಷ್. ಊಟಕ್ಕೆ ಒಬ್ಬನನ್ನು ಕರೆದರೆ ಇಡೀ ಅರಮನೆ ಎದ್ದು ಬರಬೇಕು, ಅಲ್ವಾ?

12ನೇ ಶತಮಾನದ ಚಕ್ರವರ್ತಿ 6ನೇ ಹೈನ್ರಿಷ್ ಮೇಲಿನ ಗೌರವಕ್ಕೆ ಇದು ಶುರುವಾಯಿತಂತೆ. ಗೌರವಕ್ಕೆ ಒಂದು ಮಗುವಿಗೆ ಹೆಸರಿಟ್ಟರೆ ಸಾಕಿತ್ತು. ಇವರು 800 ವರ್ಷ ಇಟ್ಟರು. ಸಾಲದು ಅಂತ 1668ರಲ್ಲಿ ಅದನ್ನು ಮನೆತನದ ಕಾನೂನೇ ಮಾಡಿಕೊಂಡರು.

ಇನ್ನು ಗುರುತು ಹಿಡಿಯೋದು ಹೇಗೆ? ನಂಬರಿನಿಂದ. ಬೇರೆ ಮನೆತನಗಳಲ್ಲಿ ಪಟ್ಟಕ್ಕೆ ಬಂದವನಿಗೆ ನಂಬರು. ಇಲ್ಲಿ ತೊಟ್ಟಿಲಿಗೆ ಬಂದವನಿಗೂ ನಂಬರು. ರಾಜ್ಯ ಸಿಗುತ್ತೋ ಇಲ್ಲವೋ, ಟೋಕನ್ ಗ್ಯಾರಂಟಿ.

ಗ್ರೈಟ್ಸ್‌ನ ಹಿರಿಯ ಶಾಖೆಯವರು 100ರ ತನಕ ಎಣಿಸಿ ಮತ್ತೆ 1ರಿಂದ ಶುರುಮಾಡೋಣ ಅಂದುಕೊಂಡಿದ್ದರು. 1927ರಲ್ಲಿ 24ಕ್ಕೇ ಆಲ್ ಔಟ್. ಗೇರಾದ ಕಿರಿಯ ಶಾಖೆಯವರು ಶತಮಾನ ತಿರುಗಿದಾಗ ಲೆಕ್ಕದ ಪುಸ್ತಕ ಮುಚ್ಚಿ ಹೊಸದು ತೆರೆಯುತ್ತಿದ್ದರು. ಹಾಗಾಗಿ ಅವರ ವಂಶಾವಳಿ ಓದುವಾಗ ಲಾಟರಿ ಫಲಿತಾಂಶ ನೋಡಿದ ಹಾಗಾಗುತ್ತದೆ. 1854ರಲ್ಲಿ 62 ತೀರಿಕೊಂಡ, ತಮ್ಮ 67 ಪಟ್ಟಕ್ಕೆ ಬಂದ. 67ರ ಮಗ 14. ಅವನ ಮಗ 27. ಆ ಕಡೆ ಗ್ರೈಟ್ಸ್‌ನಲ್ಲಿ 1902ರಲ್ಲಿ ಪಟ್ಟಕ್ಕೆ ಬಂದ 24ಕ್ಕೆ ಆರೋಗ್ಯ ಕೈಕೊಟ್ಟಿತ್ತು. ಅವನ ಪರವಾಗಿ ಆಡಳಿತ ನೋಡಲು ಪಕ್ಕದ ರಾಜ್ಯದ 14 ಬಂದ, ಅವನಾದ ಮೇಲೆ 27. ಪಾಪ, ಆ ಊರಿನ ಮೇಷ್ಟ್ರುಗಳು ಇದನ್ನು ಚರಿತ್ರೆ ಪೀರಿಯಡ್ಡಿನಲ್ಲಿ ಹೇಳಿಕೊಟ್ಟರೋ, ಗಣಿತದ ಪೀರಿಯಡ್ಡಿನಲ್ಲೋ!

ನನಗೆ ಜಾಸ್ತಿ ಇಷ್ಟ ಆಗೋದು ಕಿರಿಯ ಶಾಖೆಯದೇ ಇನ್ನೊಂದು ಪುಟ್ಟ ರಾಜ್ಯವಾದ ಲೋಬೆನ್‌ಸ್ಟೈನ್-ಎಬರ್ಸ್‌ಡಾರ್ಫ್‌ನ 72ನೇ ಹೈನ್ರಿಷ್. ಈತ 1844ರಲ್ಲಿ ಒಂದು ಆಜ್ಞೆ ಹೊರಡಿಸಿದನಂತೆ: 20 ವರ್ಷದಿಂದ ನಾನು ಒಂದೇ ತತ್ವದ ಮೇಲೆ ಸವಾರಿ ಮಾಡುತ್ತಿದ್ದೇನೆ, ಪ್ರತಿಯೊಬ್ಬರನ್ನೂ ಅವರವರ ಪದವಿ ಹಿಡಿದೇ ಕರೆಯಬೇಕು. ಹಟಕ್ಕೆ ಬಿದ್ದು ತತ್ವ ಬಿಡದವನನ್ನು ಜರ್ಮನರು ಇವತ್ತಿಗೂ 'ತತ್ವದ ಸವಾರ' ಅನ್ನೋದು ಈ ಆಜ್ಞೆಯಿಂದಲೇ ಅಂತ ಹೇಳುತ್ತಾರೆ. ಅವನ ಕಷ್ಟವೂ ಸುಳ್ಳಲ್ಲ ಬಿಡಿ. ಹೆಸರು ಹಿಡಿದು ಕರೆದರೆ ಯಾರು ತಿರುಗಿ ನೋಡುತ್ತಾರೋ! 1848ರ ದಂಗೆಯ ವರ್ಷ ಸವಾರ ಕುದುರೆ ಇಳಿದ. ರಾಜ್ಯ ಅದೇ ಶಾಖೆಯ ನೆಂಟನ ಪಾಲಾಯಿತು, ಆಗಲೇ ಹೇಳಿದೆನಲ್ಲ, ಆ 62ರ ಕೈಗೆ.

1918ರಲ್ಲಿ ರಾಜ್ಯಗಳೆಲ್ಲ ಹೋದವು. 1919ರ ಸಂವಿಧಾನ ಶ್ರೀಮಂತ ಪದವಿಗಳನ್ನು ರದ್ದು ಮಾಡಿತು. ಆದರೆ ಹೆಸರಿನ ಭಾಗವಾಗಿ ಇಟ್ಟುಕೊಳ್ಳಿ ಅಂದಿತು. 'ರಾಜಕುಮಾರ' ಈಗ ಸುಮ್ನೆ ಒಂದು ಅಡ್ಡಹೆಸರು. ನಂಬರಿನ ತಂಟೆಗೆ ಯಾರೂ ಹೋಗಲಿಲ್ಲ, ಎಣಿಕೆ ನಡೆದೇ ಇತ್ತು.

2022ರ ಡಿಸೆಂಬರ್‌ನಲ್ಲಿ ಸುಮಾರು 3000 ಪೊಲೀಸರು ಜರ್ಮನಿಯಾದ್ಯಂತ ದಾಳಿ ಮಾಡಿದರು. ಸರ್ಕಾರ ಉರುಳಿಸಿ ತಾವೇ ಆಳಲು ಸಂಚು ಹೂಡಿದ ಆರೋಪದ ಮೇಲೆ ಒಂದು ಗುಂಪನ್ನು ಹಿಡಿದರು. ಅದರ ಮುಖಂಡ ಎಂಬ ಆರೋಪ ಹೊತ್ತವರು 13ನೇ ಹೈನ್ರಿಷ್. ಇವರು ಕುಟುಂಬದ ಸಂಘ ಬಿಟ್ಟು ಎಷ್ಟೋ ವರ್ಷವಾಯಿತು, ಇವರಿಗೂ ನಮಗೂ ಸಂಬಂಧವಿಲ್ಲ ಅಂತ ಮನೆತನದ ಈಗಿನ ಯಜಮಾನರು ಕೈ ತೊಳೆದುಕೊಂಡರು.

ಯಜಮಾನರ ಹೆಸರು? 14ನೇ ಹೈನ್ರಿಷ್.